ವಾಸ್ಕೋದಲ್ಲಿ ಕುಳಿತು ಸ್ಕಾಟ್ಲೆಂಡಿಗಾಗಿ ಮತ ಹಾಕಿದೆವು

ವಾಸ್ಕೋದ ನಮ್ಮ ಕನ್ನಡ ಸಂಘದವರು ಹೋದ ರವಿವಾರ ಒಂದು ಅಣಕು ಜನಮತಗಣನೆ ನಡೆಸಿ ಮುಗಿಸಿದೆವು. ಪ್ರಶ್ನೆ ಒಂದೇ: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ? ಮಡಗಾಂವ್, ಫೋಂಡಾ ಕಡೆಯ ಸಂಘದವರು, ಪುಣೆಯಲ್ಲಿರುವ ಗೆಳೆಯರೊಬ್ಬರು ಫೋನ್ ಮಾಡಿ ‘ನಾವೂ ಮಾಡಬೇಕಂತೀವಿ, ಹೆಂಗ ಮಾಡಿದ್ರಿ?’ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುತ್ತಾ ಕೂತರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೆ ಮೊದಲಿನಿಂದ ಬರೆಯುತ್ತಿದ್ದೇನೆ. ಗಣಪತಿ ಹಬ್ಬಕ್ಕೂ ಮುಂಚೆ ಶುರುವಾದ ಕೆಲಸ ರಾಜ್ಯೋತ್ಸವದ ತಿಂಗಳಲ್ಲಿ ಮುಗಿಯಿತು. ಹೈರಾಣಾಗಿದ್ದು ಖರೆ. ಆದರೆ ಮೂವತ್ತು ವರ್ಷದಿಂದ ಗೋವಾದಲ್ಲಿರುವ ನನಗೆ ಸಂಘದ ಯಾವ ಕಾರ್ಯಕ್ರಮವೂ ಇಷ್ಟು ಮುಖ್ಯ ಅನ್ನಿಸಿರಲಿಲ್ಲ.

ಹುಟ್ಟಿದ್ದು ಹೀಗೆ. ಬೈನಾದ ಒಬ್ಬ ಹುಡುಗಿ ನರ್ಸಿಂಗ್ ಮುಗಿಸಿ ಈ ವರ್ಷ ಸ್ಕಾಟ್ಲೆಂಡಿನ ಅಬರ್ಡೀನ್‌ನ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಅವಳ ತಾಯಿ ಸಂಘದ ಸಭೆಯಲ್ಲಿ ಎದ್ದು ನಿಂತು, ‘ಅಲ್ಲಿ ನಮ್ಮ ಹುಡುಗೀಗೂ ಓಟ್ ಐತಂತ, ಖರೇ ಏನ್ರೀ?’ ಎಂದು ಕೇಳಿದರು. ಯಾರೂ ನಂಬಲಿಲ್ಲ. ಮನೆಗೆ ಹೋಗಿ ಓದಿ ನೋಡಿದರೆ ಖರೆ. ಭಾರತದಂಥ ಕಾಮನ್‌ವೆಲ್ತ್ ದೇಶದ ಪ್ರಜೆ ಕಾನೂನುಬದ್ಧವಾಗಿ ಅಲ್ಲಿ ವಾಸವಿದ್ದರೆ ಬ್ರಿಟನ್ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಸ್ಕಾಟ್ಲೆಂಡಿನ ಸಂಸತ್ತಂತೂ 2020ರಲ್ಲಿ ಕಾನೂನು ಮಾಡಿ, ಅಲ್ಲಿರಲು ಅನುಮತಿ ಪಡೆದ ಯಾವ ದೇಶದವರಿಗಾದರೂ ತನ್ನ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟಿದೆ. ಮುಂದಿನ ಸಭೆಯಲ್ಲಿ ಇದನ್ನು ಹೇಳಿದಾಗ ಹುಡುಗರು ಬಿಡಲಿಲ್ಲ. ಹಾಗಾದರೆ ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೋ ಬೇಡವೋ ಎಂಬ ಪ್ರಶ್ನೆಗೂ ಅವಳು ಉತ್ತರ ಕೊಡಬಹುದಾ? 2014ರಲ್ಲಿ ಇದೇ ಪ್ರಶ್ನೆಗೆ ಅಲ್ಲಿ ಜನಮತಗಣನೆ ನಡೆದಾಗ, ಅಲ್ಲಿದ್ದ ಭಾರತದವರು ಕೊಟ್ಟರಾ? ಕೊಟ್ಟರು. ಈ ಸಲ ರಾಜ್ಯೋತ್ಸವಕ್ಕೆ ಬರೀ ಹಾಡು, ಕುಣಿತ ಬೇಡ, ಇದನ್ನೇ ಮಾಡೋಣ ಎಂದು ಯುವ ಘಟಕ ಹಟ ಹಿಡಿಯಿತು. ಜವಾಬ್ದಾರಿ ನನ್ನ ತಲೆಗೆ ಬಂತು.

ಮೊದಲ ಗೋಡೆ ಎದುರಾಗಿದ್ದು ಸಭಾಂಗಣದಲ್ಲಿ. ಸಂಘದ ನೋಂದಣಿ ಪತ್ರದ ನಕಲು, ಪ್ಯಾನ್ ಕಾರ್ಡ್, ಅಧ್ಯಕ್ಷರ ಆಧಾರ್, ಲೆಟರ್‌ಹೆಡ್‌ನಲ್ಲಿ ಅರ್ಜಿ, ಎಲ್ಲ ಒಯ್ದಿದ್ದೆ. ಅರ್ಜಿಯಲ್ಲಿ ‘ಸ್ವಾತಂತ್ರ್ಯ ಕುರಿತ ಜನಮತಗಣನೆ’ ಎಂಬ ಸಾಲು ನೋಡಿದ ಕೂಡಲೇ ಅಲ್ಲಿನ ವ್ಯವಸ್ಥಾಪಕರ ಮುಖ ಬದಲಾಯಿತು. ಕನ್ನಡ ಸಂಘ, ಗೋವಾ, ಸ್ವಾತಂತ್ರ್ಯ, ಮತದಾನ: ಈ ನಾಲ್ಕು ಒಂದೇ ಕಾಗದದಲ್ಲಿ ಕಂಡರೆ ಯಾರಿಗಾದರೂ ಅಳುಕು ಬರುವುದು ಸಹಜ, ಅವರನ್ನು ನಾನು ದೂರುವುದಿಲ್ಲ. ಆದರೆ ಆಗುವುದಿಲ್ಲ ಎಂದೂ ಹೇಳದೆ, ಆಗುತ್ತದೆ ಎಂದೂ ಹೇಳದೆ, ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದು ವಾರಗಟ್ಟಲೆ ಕಾಯಿಸಿದ್ದು ಮಾತ್ರ ಬಹಳ ನೋವು ಕೊಟ್ಟಿತು. ದಿನಾ ಸಂಜೆ ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುವುದೇ ಆಯಿತು. ಈ ಊರಿನಲ್ಲಿ ‘ಘಾಟಿ’, ಅಂದರೆ ಘಟ್ಟದ ಮೇಲಿನಿಂದ ಬಂದವರು, ಎಂಬ ಹೀಯಾಳಿಕೆಯ ಮಾತು ಕೇಳಿಕೊಂಡೇ ದೊಡ್ಡವರಾದವರು ನಾವು. ನಮ್ಮ ಮೇಲೆ ಅನುಮಾನ ಎಷ್ಟು ಬೇಗ ಬರುತ್ತದೆ ಎಂದು ಆ ಬೆಂಚಿನ ಮೇಲೆ ಕೂತಾಗಲೆಲ್ಲ ಅನ್ನಿಸುತ್ತಿತ್ತು.

ದಾರಿ ತೋರಿಸಿದ್ದು ನಮ್ಮ ಕಟ್ಟಡದಲ್ಲೇ ಇರುವ ವಕೀಲರು. ಸಂವಿಧಾನಕ್ಕೆ 1963ರಲ್ಲಿ ಆದ 16ನೇ ತಿದ್ದುಪಡಿಯನ್ನು ತೆಗೆದು ತೋರಿಸಿದರು. ವಾಕ್ ಸ್ವಾತಂತ್ರ್ಯದ ಮೇಲೆ ಹಾಕಬಹುದಾದ ನಿರ್ಬಂಧಗಳಲ್ಲಿ ‘ಭಾರತದ ಸಾರ್ವಭೌಮತೆ ಮತ್ತು ಅಖಂಡತೆ’ಯನ್ನು ಸೇರಿಸಿದ್ದು ಆಗಲೇ. ‘ನಿಮ್ಮ ಕಾರ್ಯಕ್ರಮಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಂಬಂಧ ಇಲ್ಲ ಅಂತ ಕಾಗದದಲ್ಲೇ ಬರೆದು ಕೊಡಿ, ಓದುವವನ ಭಯ ಹೋಗುತ್ತದೆ’ ಎಂದರು. ಹಾಗೇ ಮಾಡಿದೆವು. ಮುಂದೆ ಮಾಡುವವರು ನೆನಪಿಡಿ: ಅರ್ಜಿಯ ಮೊದಲ ಸಾಲಿನಲ್ಲೇ ದೇಶದ ಹೆಸರು, 2014ರ ಮತದಾನದ ಅಧ್ಯಯನ ಎಂಬುದು, ಶೈಕ್ಷಣಿಕ ಉದ್ದೇಶ ಎಂಬುದು ಬರಲಿ. ಯಾವ ಪಕ್ಷದವರೂ ವೇದಿಕೆಯಲ್ಲಿ ಇರುವುದಿಲ್ಲ, ಬ್ಯಾನರಿನಲ್ಲಿ ಚುನಾವಣಾ ಆಯೋಗದ ಲಾಂಛನ ಹಾಕುವುದಿಲ್ಲ ಎಂದೂ ಬರೆಯಿರಿ. ಕಾರ್ಯಕ್ರಮ ಪಟ್ಟಿಯ ಒಂದು ನಕಲನ್ನು ಠಾಣೆಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆ ಮೊಹರಿನ ಕಾಗದ ತೋರಿಸಿದ ಮೇಲೆ ಸಭಾಂಗಣದವರು ಎರಡು ಮಾತಾಡದೆ ರಸೀದಿ ಹರಿದು ಕೊಟ್ಟರು. ಬಾಡಿಗೆ ₹4,000, ಠೇವಣಿ ₹2,000.

ಕಾಗದದ ಕೆಲಸ ಮುಗಿಯಿತು, ಇನ್ನು ಸುಲಭ ಎಂದುಕೊಂಡರೆ, ಖರೆ ಕೆಲಸ ಶುರುವಾಗಿದ್ದೇ ಆಮೇಲೆ. ಮತ ಯಾರಿಗೆ?

ಸದಸ್ಯತ್ವದ ರಸೀದಿ ಇದ್ದವರಿಗೆ ಮಾತ್ರ ಎಂದರು ಸಂಘದ ಹಿರಿಯ ಕಾಕಾ. ನಾಲ್ಕು ದಶಕದ ಹಿಂದೆ ಬಾಗಲಕೋಟೆ ಕಡೆಯಿಂದ ಬಂದು ಬಂದರಿನಲ್ಲಿ ದುಡಿದು, ಸಂಘವನ್ನು ಕೈಯಾರೆ ಕಟ್ಟಿದವರು. ಅವರ ಮಾತು ತೆಗೆದುಹಾಕುವಂತಿಲ್ಲ. ಆದರೆ ಹುಡುಗರು 2014ರ ನಿಯಮ ತಂದು ಮುಂದಿಟ್ಟರು. ಸ್ಕಾಟ್ಲೆಂಡಿನಲ್ಲಿ ಅವತ್ತು ಹುಟ್ಟು ನೋಡಲಿಲ್ಲ, ವಾಸ ನೋಡಿದರು. ಎಡಿನ್‌ಬರೋದಲ್ಲಿ ಹುಟ್ಟಿ ಬೆಳೆದು ಲಂಡನ್ನಿನಲ್ಲಿ ನೆಲೆಸಿದವನಿಗೆ ಮತ ಇರಲಿಲ್ಲ. ಗ್ಲಾಸ್ಗೋದಲ್ಲಿ ಬಾಡಿಗೆ ಮನೆ ಮಾಡಿದ್ದ ಪೋಲೆಂಡಿನವನಿಗೆ ಇತ್ತು, ಅಲ್ಲಿ ಓದಲು ಹೋದ ಭಾರತದ ವಿದ್ಯಾರ್ಥಿಗೆ ಇತ್ತು. 16 ವರ್ಷ ತುಂಬಿದವರಿಗೂ ಇತ್ತು. ನಾಳೆ ಆ ನೆಲದಲ್ಲಿ ಬದುಕಬೇಕಾದವರು ಯಾರೋ ಅವರೇ ತೀರ್ಮಾನ ಮಾಡಲಿ ಎಂಬುದು ಅದರ ಹಿಂದಿನ ವಿಚಾರ.

ಈ ಒಂದು ವಿಷಯದ ಮೇಲೆ ನಾವು ಮಂಗೋರ್ ಹಿಲ್‌ನ ಸದಸ್ಯರೊಬ್ಬರ ಮನೆಯಲ್ಲಿ ರಾತ್ರಿ ಹನ್ನೊಂದರ ತನಕ ಜಗಳಾಡಿದ್ದೇವೆ. ಬೇರೆ ಯಾವ ಊರಿನ ಕನ್ನಡ ಸಂಘಕ್ಕೂ ಇದು ಇಷ್ಟು ತಾಗಲಿಕ್ಕಿಲ್ಲ. ಗೋವಾದಲ್ಲಿ ಹದಿನೈದು ವರ್ಷದ ವಾಸ್ತವ್ಯದ ಸರ್ಟಿಫಿಕೇಟಿಗೆ ಅಲೆದವರು, ಇಲ್ಲೇ ಹುಟ್ಟಿದ ಮಕ್ಕಳಿಗೂ ‘ನಿಮ್ಮ ಊರು ಯಾವುದು?’ ಎಂಬ ಪ್ರಶ್ನೆ ತಪ್ಪದವರು ನಾವು. ನಾವೇ ಒಂದು ಪಟ್ಟಿ ಮಾಡುವಾಗ ನಿನ್ನೆ ಬಂದವರನ್ನು ಹೊರಗಿಡುವುದೇ? ಕೊನೆಗೆ ಕಾಕಾನೇ ಒಪ್ಪಿದರು. ವಾಸ್ಕೋದಲ್ಲಿ ವಾಸ, 16 ವರ್ಷ ವಯಸ್ಸು, ಮುಂಚಿತವಾಗಿ ಹೆಸರು ಬರೆಸಿರಬೇಕು. ಭಾಷೆ, ಸದಸ್ಯತ್ವ ಕೇಳುವುದಿಲ್ಲ. ಪಟ್ಟಿಯಲ್ಲಿ 160 ಹೆಸರು ಬಂದವು. ನಮ್ಮ ನೆರೆಯ ಕೊಂಕಣಿ, ಮರಾಠಿ ಮನೆಯವರೂ ಇದ್ದರು. ಕೊಪ್ಪಳದ ಕಡೆಯಿಂದ ಮಳೆಗಾಲ ಮುಗಿದ ಮೇಲಷ್ಟೇ ಬಂದು ಕಟ್ಟಡದ ಕೆಲಸಕ್ಕೆ ನಿಂತ ಒಬ್ಬ ಹೆಣ್ಣುಮಗಳು ಹೆಸರು ಬರೆಸುವಾಗ, ‘ನನಗೂ ಚೀಟಿ ಐತೇನ್ರೀ ಯಪ್ಪಾ? ನಾ ಬಂದು ಭಾಳ ದಿನಾ ಆಗಿಲ್ರೀ’ ಎಂದಳು. ಸಿಮೆಂಟು ಹತ್ತಿದ ಬೆರಳಿನಿಂದ ತನ್ನ ಹೆಸರಿನ ಮೇಲೆ ಮೆಲ್ಲಗೆ ಎಳೆದು ನೋಡಿದಳು, ಬರೆದದ್ದು ಸರಿ ಇದೆಯೇ ಎಂದು.

ಪ್ರಶ್ನೆಯ ವಿಷಯದಲ್ಲಿ ಹೆಚ್ಚು ಹೊತ್ತು ಹೋಗಲಿಲ್ಲ, ಏಕೆಂದರೆ ಆ ಕಷ್ಟವನ್ನು ಅವರು ಆಗಲೇ ಪಟ್ಟಿದ್ದರು. ಸ್ಕಾಟಿಷ್ ಸರ್ಕಾರ ಮೊದಲು ಸೂಚಿಸಿದ್ದು ‘ಸ್ವತಂತ್ರ ದೇಶವಾಗಬೇಕು ಎಂಬುದನ್ನು ನೀವು ಒಪ್ಪುತ್ತೀರಾ?’ ಎಂಬ ಧಾಟಿಯ ಪ್ರಶ್ನೆ. ಒಪ್ಪುತ್ತೀರಾ ಎಂದು ಕೇಳಿದರೆ ಹೌದು ಎನ್ನುವ ಕಡೆಗೆ ಜನ ವಾಲುತ್ತಾರೆಂದು ಅಲ್ಲಿನ ಚುನಾವಣಾ ಆಯೋಗ ಜನರ ಮೇಲೇ ಪರೀಕ್ಷಿಸಿ ನೋಡಿ, 2013ರ ಜನವರಿಯಲ್ಲಿ ಬದಲಾಯಿಸಲು ಹೇಳಿತು. ಸರ್ಕಾರ ಬದಲಾಯಿಸಿತು. ನಾವು ಆ ಬದಲಾದ ಪ್ರಶ್ನೆಯನ್ನೇ ತೆಗೆದುಕೊಂಡೆವು.

ಆದರೆ ಗೆಲುವು ಎಂದರೆ ಎಷ್ಟು? ಇಲ್ಲಿ ಮತ್ತೆ ಮನೆ ಎರಡಾಯಿತು. ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕೇ? ಬಂದರಿನ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದ ಒಬ್ಬರು ಸ್ಕಾಟ್ಲೆಂಡಿನದೇ ಹಳೆಯ ಉದಾಹರಣೆ ತಂದರು. 1979ರ ಮಾರ್ಚ್ 1ರಂದು, ಸ್ವಾತಂತ್ರ್ಯಕ್ಕಲ್ಲ, ತಮಗೊಂದು ಶಾಸನಸಭೆ ಬೇಕೇ ಎಂಬುದಕ್ಕೆ ಅವರು ಮತ ಹಾಕಿದ್ದರು. ಶೇ. 51.6 ಜನ ಹೌದು ಎಂದರು. ಆದರೆ ಇಡೀ ಮತದಾರರ ಪಟ್ಟಿಯ ಶೇ. 40 ಜನರಾದರೂ ಹೌದು ಎಂದಿರಬೇಕೆಂದು ಲಂಡನ್ನಿನ ಸಂಸತ್ತು ಷರತ್ತು ಸೇರಿಸಿತ್ತು. ಲೆಕ್ಕ ಹಾಕಿದರೆ 32.9 ಆಯಿತು, ಸಭೆ ಬರಲಿಲ್ಲ. ಗೆದ್ದೂ ಸೋತವರ ಕಹಿ ಬಹಳ ವರ್ಷ ಉಳಿಯಿತು. 1997ರಲ್ಲಿ ಮತ್ತೆ ಕೇಳಿದಾಗ ಶೇ. 74.3 ಜನ ಹೌದು ಎಂದ ಮೇಲೆ, 1999ರಲ್ಲಿ ಎಡಿನ್‌ಬರೋದಲ್ಲಿ ಸಂಸತ್ತು ಕೂತಿತು. ಇನ್ನೊಬ್ಬರು ಮಾಂಟೆನೆಗ್ರೋ ತಂದರು. ಸೆರ್ಬಿಯಾದ ಜೊತೆಗಿನ ಒಕ್ಕೂಟದಿಂದ ಹೊರಬರಲು 2006ರ ಮೇ ತಿಂಗಳಲ್ಲಿ ಮತ ಹಾಕಿದರು. ಯುರೋಪಿಯನ್ ಒಕ್ಕೂಟ ಇಟ್ಟ ಮಿತಿ ಶೇ. 55, ಬಿದ್ದದ್ದು 55.5. ಕೂದಲೆಳೆಯಲ್ಲಿ ಒಂದು ದೇಶ ಹುಟ್ಟಿತು. ನಾರ್ವೆ 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದಾಗ ಮಾತ್ರ ಈ ತಕರಾರಿಗೆ ಜಾಗವೇ ಇರಲಿಲ್ಲ: ಪರ 3,68,208, ವಿರುದ್ಧ 184.

ನಾವು 2014ರಂತೆ ಸರಳ ಬಹುಮತವೇ ಸಾಕು ಎಂದು ತೀರ್ಮಾನಿಸಿ, ಅದನ್ನು ಬರೆದು, ಹೌದು, ಬೇಡ ಎರಡೂ ಕಡೆಯ ಮುಖಂಡರ ಸಹಿ ಹಾಕಿಸಿ, ಬೋರ್ಡಿಗೆ ಹಚ್ಚಿದೆವು. ನೀವು ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ತಯಾರಿಯ ನಡುವೆ, ನಮ್ಮ ಓಣಿಯ ಕೊನೆಯ ಮನೆಯ ಕೊಂಕಣಿ ಅಜ್ಜನನ್ನು ಮಾತಾಡಿಸಲು ಹುಡುಗರನ್ನು ಕರೆದುಕೊಂಡು ಹೋದೆ. ಎಂಬತ್ತು ದಾಟಿದೆ. 1967ರ ಜನವರಿ 16ರಂದು ಗೋವಾದಲ್ಲಿ ನಡೆದ ಒಪಿನಿಯನ್ ಪೋಲ್‌ನಲ್ಲಿ ಜೀವನದ ಮೊದಲ ಮತ ಹಾಕಿದವರು ಅವರು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಕೇಂದ್ರಾಡಳಿತ ಪ್ರದೇಶವಾಗಿ ಬೇರೆಯಾಗೇ ಉಳಿಯಬೇಕೋ ಎಂಬುದು ಪ್ರಶ್ನೆ. ಸ್ವತಂತ್ರ ದೇಶದ ಮಾತು ಅದರಲ್ಲಿ ಇರಲಿಲ್ಲ, ಎರಡು ದಾರಿಯೂ ಭಾರತದ ಒಳಗಿನವೇ. ಈ ವ್ಯತ್ಯಾಸವನ್ನು ಹುಡುಗರಿಗೆ ಮೊದಲೇ ತಿಳಿಸಿ ಕರೆದೊಯ್ಯಿರಿ. ಆದರೆ ಚಿಕ್ಕದೊಂದು ನಾಡು ದೊಡ್ಡದರ ಪಕ್ಕದಲ್ಲಿ ನಿಂತು ತನ್ನ ಬಗ್ಗೆ ತಾನೇ ಉತ್ತರ ಕೊಡುವಾಗ ಮನೆಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಇಷ್ಟು ಹತ್ತಿರದಲ್ಲಿ ಇನ್ನೆಲ್ಲಿ ಸಿಗುತ್ತಾರೆ?

ಅಜ್ಜ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಹೂವು, ಪಕ್ಕದಲ್ಲಿ ಎರಡು ಎಲೆ ಬರೆದರು. ಹೂವು ವಿಲೀನಕ್ಕೆ, ಎರಡು ಎಲೆ ಬೇರೆ ಉಳಿಯುವುದಕ್ಕೆ. ಕೈ ನಡುಗುತ್ತಿತ್ತು, ಆದರೂ ಎಲೆಯ ನರ ಬಿಡಿಸುವ ತನಕ ಪೆನ್ನು ಕೆಳಗಿಡಲಿಲ್ಲ. ಮತದಾನ ನ್ಯಾಯವಾಗಿ ನಡೆಯಲೆಂದು ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟಿತ್ತು. ಮುಂಬೈಯಲ್ಲಿ ನೆಲೆಸಿದ್ದ ಗೋವಾದವರಿಗೂ ಮತ ಬೇಕೆಂದು ವಿಲೀನದ ವಿರುದ್ಧ ನಿಂತಿದ್ದ ನಾಯಕ ಜ್ಯಾಕ್ ದ ಸಿಕ್ವೇರಾ ಅವರ ಕಡೆಯವರು ಕೇಳಿದರು, ಸಿಗಲಿಲ್ಲ. ಇಲ್ಲೂ ವಾಸವನ್ನೇ ನೋಡಿದ್ದು! ಬೇರೆ ಉಳಿಯಲು 1,72,191, ವಿಲೀನಕ್ಕೆ 1,38,170. ಅಜ್ಜ ಎಲೆಗೆ ಹಾಕಿದರು, ಅವರ ಅಣ್ಣ ಹೂವಿಗೆ. ‘ಆ ವರ್ಷ ಚವತಿಗೆ ಅಣ್ಣ ಮನೆಗೆ ಬರಲಿಲ್ಲ. ಮುಂದಿನ ವರ್ಷ ಬಂದ. ಯಾಕೆ ಬಂದೆ ಅಂತ ನಾನೂ ಕೇಳಲಿಲ್ಲ’ ಎಂದರು.

ಅಲ್ಲಿಂದ ಬಂದ ಮೇಲೆ ನಮ್ಮ ಕಾಲೇಜು ಹುಡುಗಿಯೊಬ್ಬಳು ಕಂಡುಹಿಡಿದ ಸಂಗತಿ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. 1967ರ ಜನವರಿಯಲ್ಲಿ ವಿಲೀನ ಬೇಡ ಎಂದ ಗೋವಾದ ಜನ, ಅದೇ ಮಾರ್ಚ್‌ನಲ್ಲಿ ವಿಲೀನ ಬೇಕು ಎನ್ನುತ್ತಿದ್ದ ಬಾಂದೋಡಕರ್ ಅವರ ಪಕ್ಷವನ್ನೇ ಮತ್ತೆ ಅಧಿಕಾರಕ್ಕೆ ತಂದರು. 2014ರ ಸೆಪ್ಟೆಂಬರ್‌ನಲ್ಲಿ ಸ್ವಾತಂತ್ರ್ಯ ಬೇಡ ಎಂದ ಸ್ಕಾಟ್ಲೆಂಡಿನ ಜನ, 2015ರ ಮೇ ತಿಂಗಳ ಬ್ರಿಟನ್ ಸಂಸತ್ತಿನ ಚುನಾವಣೆಯಲ್ಲಿ ಸ್ವಾತಂತ್ರ್ಯ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ತಮ್ಮ ಪಾಲಿನ 59ರಲ್ಲಿ 56 ಸ್ಥಾನ ಕೊಟ್ಟರು. ನಾಡಿನ ಭವಿಷ್ಯದ ಪ್ರಶ್ನೆ ಬೇರೆ, ನಮ್ಮನ್ನು ಆಳುವವರು ಯಾರು ಎಂಬ ಪ್ರಶ್ನೆ ಬೇರೆ ಎಂದು ಜನಕ್ಕೆ ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದಲೇ ‘ನಮ್ಮ ಪಕ್ಷ ಗೆದ್ದಿದೆ, ಇದೇ ಜನಾದೇಶ’ ಎಂದು ಯಾರಾದರೂ ಅಂದರೆ ಒಪ್ಪಬಾರದು. ಆ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳಲೇಬೇಕು.

ವಾದದ ತಯಾರಿಗೆ ಎರಡು ತಂಡ ಮಾಡಿದೆವು. ಹೌದು ಕಡೆಗೆ ಆ ಕಾಲೇಜು ಹುಡುಗಿ, ಬೇಡ ಕಡೆಗೆ ಬಂದರಿನ ಲೆಕ್ಕದವರು. ಅತಿ ಹೆಚ್ಚು ಹೊತ್ತು ಹೋಗಿದ್ದು ರೊಕ್ಕದ ಮೇಲೆ. ಸ್ವತಂತ್ರವಾದರೂ ಪೌಂಡನ್ನೇ ಹಂಚಿಕೊಂಡು ಬಳಸುತ್ತೇವೆ ಎಂದಿದ್ದರು ಸ್ಕಾಟಿಷ್ ಸರ್ಕಾರದ ಆಗಿನ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್. 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಅದಕ್ಕೆ ಒಪ್ಪುವುದಿಲ್ಲ ಎಂದುಬಿಟ್ಟರು, ಉಳಿದೆರಡು ದೊಡ್ಡ ಪಕ್ಷಗಳೂ ದನಿಗೂಡಿಸಿದವು. ‘ನೋಟು ಯಾರದು ಅಂತ ಹೇಳದೇ ಮನೀ ಬಿಟ್ಟು ಹೋಗ್ತೀನಂದ್ರ ಹೆಂಗ?’ ಎಂದು ಲೆಕ್ಕದವರು ಕೇಳಿದಾಗ ಹುಡುಗರ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಪೋರ್ಚುಗೀಸರ ಎಸ್ಕುಡೋ ನೋಟು ಹೋಗಿ ರೂಪಾಯಿ ಬಂದದ್ದನ್ನು ನೋಡಿದ ಊರು ಇದು. ಇಲ್ಲಿನವರಿಗೆ ನೋಟು ಬದಲಾಗುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

ತೈಲದ ವಿಷಯದಲ್ಲೂ ಬೇಡ ಕಡೆಯವರ ಕೈ ಮೇಲಾಯಿತು. ಹೌದು ಎಂದು ಬಿದ್ದಿದ್ದರೆ 2016ರ ಮಾರ್ಚ್ 24 ಸ್ವಾತಂತ್ರ್ಯದ ದಿನವೆಂದು ಸ್ಕಾಟಿಷ್ ಸರ್ಕಾರ ತನ್ನ ಶ್ವೇತಪತ್ರದಲ್ಲಿ ಬರೆದಿತ್ತು. 2014ರ ನಡುವಿನಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೇಲಿದ್ದ, ಹೌದು ಕಡೆಯವರು ಆದಾಯಕ್ಕೆ ನೆಚ್ಚಿಕೊಂಡಿದ್ದ ಉತ್ತರ ಸಮುದ್ರದ ತೈಲ, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿದಿತ್ತು. ಫಾಸ್ಲೇನ್‌ನ ನೌಕಾನೆಲೆಯಲ್ಲಿರುವ ಬ್ರಿಟನ್ನಿನ ಅಣು ಜಲಾಂತರ್ಗಾಮಿಗಳನ್ನು ಎಲ್ಲಿಗೆ ಸಾಗಿಸುವುದು ಎಂಬ ಮಾತು ಬಂದಾಗ, ದಾಬೋಲಿಮ್ ನೌಕಾನೆಲೆಯ ಬೇಲಿ ಪಕ್ಕದಲ್ಲೇ ಬದುಕುವ ನಮ್ಮವರು ಬಹಳ ಉಮೇದಿನಿಂದ ಮಾತಾಡಿದರು.

ಹೌದು ಕಡೆಯ ಹುಡುಗಿಯ ಬಲ ಇದ್ದದ್ದು ಯುರೋಪಿನ ವಿಷಯದಲ್ಲಿ. ಬ್ರಿಟನ್ನಿನಲ್ಲಿ ಉಳಿದರೆ ಮಾತ್ರ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯುತ್ತೀರಿ ಎಂದು 2014ರಲ್ಲಿ ಅಲ್ಲಿನ ಬೇಡ ಕಡೆಯವರು ಸ್ಕಾಟ್ಲೆಂಡಿನ ಜನಕ್ಕೆ ಹೇಳಿದ್ದರು. ಎರಡು ವರ್ಷವೂ ತುಂಬಿರಲಿಲ್ಲ, 2016ರ ಜೂನ್ 23ರಂದು ಇಡೀ ಬ್ರಿಟನ್ ಯುರೋಪ್ ಬಿಡಲು ತೀರ್ಮಾನಿಸಿತು. ಸ್ಕಾಟ್ಲೆಂಡಿನಲ್ಲಿ ಶೇ. 62 ಜನ ಉಳಿಯೋಣ ಎಂದಿದ್ದರು, 32 ಜಿಲ್ಲೆಗಳಲ್ಲಿ ಒಂದೂ ಬಿಡೋಣ ಎನ್ನಲಿಲ್ಲ. ಆದರೂ ಹೊರಬರಬೇಕಾಯಿತು. ‘ಸ್ವಾತಂತ್ರ್ಯ ಬೇಡ ಅಂತ ಹೇಳಿ ಅವರು ಯಾವ ಮನ್ಯಾಗ ಉಳಿದರೋ ಆ ಮನೀನ ಬದಲಾತು. ಮತ್ತ ಕೇಳಬಾರದೇನು?’ ಎಂದು ಅವಳು ಕೇಳಿದಾಗ ಕೋಣೆ ಸುಮ್ಮನಾಯಿತು.

ಮತ್ತೆ ಕೇಳುವುದಕ್ಕೆ ಬಾಗಿಲು ಎಲ್ಲಿದೆ ಎಂಬುದು ಇವತ್ತಿನ ಅಸಲು ಪ್ರಶ್ನೆ. 2012ರ ಅಕ್ಟೋಬರ್ 15ರಂದು ಬ್ರಿಟನ್ನಿನ ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ಮತ್ತು ಸಾಲ್ಮಂಡ್ ಎಡಿನ್‌ಬರೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಜನಮತಗಣನೆ ನಡೆಸುವ ಅಧಿಕಾರವನ್ನು ಆ ಒಂದು ಸಲಕ್ಕೆ ಸ್ಕಾಟಿಷ್ ಸಂಸತ್ತಿಗೆ ಕೊಡಲು ಒಪ್ಪಿದ್ದರು. ಆಮೇಲೆ ಆ ಅಧಿಕಾರ ಮತ್ತೆ ಸಿಕ್ಕಿಲ್ಲ. ಲಂಡನ್ನಿನ ಒಪ್ಪಿಗೆ ಇಲ್ಲದೆ ಸ್ಕಾಟಿಷ್ ಸಂಸತ್ತು ತಾನಾಗಿ ಇದಕ್ಕೆ ಕಾನೂನು ಮಾಡುವಂತಿಲ್ಲ ಎಂದು 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ ಇರಬಹುದು. ಆದರೆ ಎಷ್ಟು ವರ್ಷಕ್ಕೆ, ಯಾವ ಸಂದರ್ಭದಲ್ಲಿ ಮತ್ತೆ ಕೇಳಬಹುದು ಎಂದು ಎಲ್ಲೂ ಬರೆದಿಟ್ಟಿಲ್ಲದ ಒಕ್ಕೂಟದಲ್ಲಿ, ಸಣ್ಣ ಪಾಲುದಾರನ ಮನಸ್ಸಿಗೆ ಸಮಾಧಾನ ಎಲ್ಲಿಂದ ಬರಬೇಕು? ತಾವಾಗೇ ಉಳಿದಿದ್ದೇವೆ ಎಂದು ಅವರು ಹೇಳುವಂತಿರಬೇಕಾದರೆ, ಬಿಡುವ ದಾರಿಯೂ ಕಾನೂನಿನಲ್ಲಿ ಕಾಣುತ್ತಿರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ರವಿವಾರ ಬಂತು. ಅಕಾಲದ ಮಳೆ ಬೆಳಗ್ಗೆಯೇ ಹಿಡಿಯಿತು, ನ್ಯೂ ವಾಡೆಮ್ ಕಡೆ ಒಂದು ಮದುವೆ ಬೇರೆ. ಮಧ್ಯಾಹ್ನ ಕರೆಂಟು ಹೋಯಿತು. ಮೈಕ್ ಇಲ್ಲದೆ ಇಬ್ಬರೂ ಗಂಟಲು ಹರಿದುಕೊಂಡು ವಾದ ಮಾಡಿದರು. ಸಾಧ್ಯವಿದ್ದರೆ ಜನರೇಟರ್ ಇರುವ ಸಭಾಂಗಣವನ್ನೇ ನೋಡಿ. ಡಬ್ಬಿಗೆ ಅಕ್ಕಿಯ ಸ್ಟೀಲ್ ಡಬ್ಬಿಯೊಂದನ್ನೇ ಬಳಸಿ, ಮುಚ್ಚಳಕ್ಕೆ ಸೀಳು ಕೊಯ್ಯಿಸಿ, ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಿದ್ದೆವು. ಮತಚೀಟಿಯ ಮುದ್ರಣಕ್ಕೆ ₹900, ಚಹಾ ಮತ್ತು ಉಪ್ಪಿಟ್ಟಿಗೆ ₹5,500, ಬ್ಯಾನರಿಗೆ ₹1,200 ಹೋಯಿತು. ಠೇವಣಿ ಬಿಟ್ಟು, ಬಾಡಿಗೆ ಸೇರಿಸಿ ಹನ್ನೆರಡು ಸಾವಿರದ ಒಳಗೆ ಮುಗಿಯಿತು. ಚೀಟಿಯನ್ನು ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಅಚ್ಚು ಹಾಕಿಸಿ. ಓದು ಬಾರದವರಿಗೆ ಎರಡು ಬಣ್ಣದ ಚೌಕ ಇರಲಿ, ಆದರೆ ಕೆಂಪು ಹಸಿರು ಬೇಡ. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬಂತೆ ಕಾಣುತ್ತದೆ.

ಎಣಿಕೆ ಮುಗಿದಾಗ ಎದೆ ಡವಡವ ಅನ್ನುತ್ತಿತ್ತು. 118 ಜನ ಬಂದಿದ್ದರು. 3 ಚೀಟಿ ಅಸಿಂಧು. ಹೌದು 61, ಬೇಡ 54.

ಹುಡುಗರು ಚಪ್ಪಾಳೆ ತಟ್ಟುವಷ್ಟರಲ್ಲಿ ಬೇಡ ಕಡೆಯಿಂದ ಒಬ್ಬರು ಎದ್ದರು. ಪಟ್ಟಿಯಲ್ಲಿ 160 ಜನ ಇದ್ದರು, 1979ರ ಲೆಕ್ಕದ ಪ್ರಕಾರ 64 ಬೇಕಿತ್ತು, 61 ಸಾಲದು ಎಂದರು. ಇನ್ನೊಬ್ಬರು ಮಾಂಟೆನೆಗ್ರೋದ ಶೇ. 55 ಎತ್ತಿದರು, ನಮ್ಮದು 53 ಮಾತ್ರ. ಲೆಕ್ಕ ಇಬ್ಬರದೂ ಸರಿ ಇತ್ತು. ಅದೇ ಡಬ್ಬಿ, ಅವೇ ಚೀಟಿ. ಯಾವ ನಿಯಮ ಹಿಡಿಯುತ್ತೀರಿ ಎಂಬುದರ ಮೇಲೆ ಒಂದು ದೇಶ ಹುಟ್ಟುತ್ತದೆ ಇಲ್ಲವೇ ಹುಟ್ಟುವುದಿಲ್ಲ. ದನಿ ಏರಿತು, ಹೊರಗಿನಿಂದ ಬಂದವರ ಹೆಸರು ಸೇರಿಸಿದ್ದೇ ತಪ್ಪು ಎಂಬ ಮಾತೂ ಬಂತು. ಆ ಕೊಪ್ಪಳದ ಹೆಣ್ಣುಮಗಳು ಅಲ್ಲೇ ಮೂಲೆಯಲ್ಲಿ ನಿಂತಿದ್ದಳು. ನನಗೆ ಬಹಳ ಸಂಕಟವಾಯಿತು. ಆಗ ಲೆಕ್ಕದವರೇ ಎದ್ದು ಹೋಗಿ ಬೋರ್ಡಿನಿಂದ ಆ ಸಹಿ ಮಾಡಿದ ಹಾಳೆ ಕಿತ್ತು ತಂದು ಗಟ್ಟಿಯಾಗಿ ಓದಿದರು. ‘ಸಹಿ ನಂದ ಐತಿ. ಪಟ್ಟಿಗೂ ಒಪ್ಪೇನಿ, ಬಹುಮತಕ್ಕೂ ಒಪ್ಪೇನಿ. ಸೋತೀವಿ’ ಎಂದರು. ಗದ್ದಲ ನಿಂತಿತು. ಹಾಳೆ ಇಲ್ಲದಿದ್ದರೆ ಅವತ್ತು ಸಂಘವೇ ಒಡೆಯುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ಆದದ್ದೂ ಇದೇ ಅಲ್ಲವೇ? ಶೇ. 84.6 ಜನ ಬಂದು ಮತ ಹಾಕಿದರು. ಬೇಡ 20,01,926, ಹೌದು 16,17,989. ಮರುದಿನವೇ ಸಾಲ್ಮಂಡ್ ಸೋಲೊಪ್ಪಿ, ಹುದ್ದೆ ಬಿಡುವುದಾಗಿ ಹೇಳಿದರು. ಪಟ್ಟಿ, ಪ್ರಶ್ನೆ, ಬಹುಮತ ಮೂರನ್ನೂ ಎರಡೂ ಕಡೆಯವರು ಮೊದಲೇ ಒಪ್ಪಿದ್ದರಿಂದಲೇ ಅಷ್ಟು ದೊಡ್ಡ ಸೋಲನ್ನು ನಾಡು ತಡೆದುಕೊಂಡಿತು.

ನನ್ನ ಮತ ಯಾವ ಕಡೆ ಎಂದು ಬಹಳ ಜನ ಕೇಳಿದ್ದಾರೆ. ಬೇಡ ಎಂದು ಹಾಕಿದೆ. ಸ್ಕಾಟ್ಲೆಂಡ್ ಬಾಳಲಾರದು ಎಂದಲ್ಲ, ಅದಕ್ಕಿಂತ ಸಣ್ಣ ದೇಶಗಳು ಚೆನ್ನಾಗಿಯೇ ಬಾಳುತ್ತಿವೆ. ಅವರ ಅತಿ ದೊಡ್ಡ ವ್ಯಾಪಾರ ಉಳಿದ ಬ್ರಿಟನ್ನಿನ ಜೊತೆಗೇ ಇದೆ. ಈಗ ಯುರೋಪಿನ ಒಳಗೆ ಹೋದರೆ ಇಂಗ್ಲೆಂಡಿನ ಗಡಿಯಲ್ಲಿ ಸುಂಕದ ಕಟ್ಟೆ ಏಳುತ್ತದೆ. ಗಡಿಯ ಆಚೆ ಈಚೆ ಬಂಧುಬಳಗ ಇರುವ ಬದುಕು ಏನೆಂದು ಗೋವಾ-ಕರ್ನಾಟಕ ಗಡಿಯ ಅನಮೋಡ್ ಘಾಟ್ ಹತ್ತಿ ಇಳಿಯುವ ನಮಗೆ ಗೊತ್ತು. ಆದರೆ ನನ್ನ ಹೆಂಡತಿ, ಮಗ ಇಬ್ಬರೂ ಹೌದು ಎಂದು ಹಾಕಿದ್ದಾರೆ. ಅಲ್ಲಿನವರಿಗೆ ಮತ್ತೊಮ್ಮೆ ಕೇಳುವ ಹಕ್ಕಿರಬೇಕು ಎಂಬುದರಲ್ಲಿ ಮಾತ್ರ ಮನೆಯಲ್ಲಿ ಭಿನ್ನಾಭಿಪ್ರಾಯ ಇಲ್ಲ.

ಕೊನೆಯದಾಗಿ ಒಂದೆರಡು ವಿಷಯ. ಮತಚೀಟಿಗಳನ್ನು ಎಸೆಯಬೇಡಿ, ಮರುಎಣಿಕೆ ಕೇಳಿದರೆ ತೋರಿಸಲು ಒಂದು ತಿಂಗಳಾದರೂ ಮುದ್ರೆ ಹಾಕಿ ಇಟ್ಟುಕೊಳ್ಳಿ. ಯಾರು ಯಾವ ಕಡೆ ಹಾಕಿದರೆಂದು ಕೈ ಎತ್ತಿಸಿ ಕೇಳುವುದನ್ನು ವೇದಿಕೆಯಿಂದ ಯಾರೂ ಮಾಡದಂತೆ ನೋಡಿಕೊಳ್ಳಿ. ಸಭಾಂಗಣದ ಠೇವಣಿ ವಾಪಸು ಬರಲು ಮೂಲ ರಸೀದಿಯೇ ಬೇಕು, ನಕಲು ನಡೆಯುವುದಿಲ್ಲ. ನಮ್ಮದು ಇನ್ನೂ ಬರಬೇಕಿದೆ. ಒಪಿನಿಯನ್ ಪೋಲ್ ನೆನಪಿಗೆ ಗೋವಾದಲ್ಲಿ ಆಚರಿಸುವ ಜನವರಿ 16ರ ಅಸ್ಮಿತಾಯ್ ದೀಸ್ ಹೊತ್ತಿಗೆ 1967ರ ಪ್ರಶ್ನೆಯನ್ನು ಇದೇ ರೀತಿ ಕೊಂಕಣಿ ಗೆಳೆಯರ ಜೊತೆ ಸೇರಿ ನಡೆಸುವ ಮಾತು ನಡೆದಿದೆ. ಆಸಕ್ತಿ ಇರುವ ಸಂಘಗಳು ಈಗಲೇ ಹೇಳಿದರೆ, ಅರ್ಜಿಯ ಮಾದರಿ ಮತ್ತು ಆ ಸಹಿ ಹಾಳೆಯ ಒಕ್ಕಣೆ ಎರಡನ್ನೂ ಕಳಿಸುತ್ತೇನೆ.